ಟೆರೇಸಿನ ಮೇಲೆ ಬೋಫಾಳ ಶಾವಿಗೆ

ಹೋದ ಭಾನುವಾರ ನಮ್ಮ ಟೆರೇಸಿನ ಮೇಲೆ ಹಂದಿಮಾಂಸ ಬೆಂದಿತು. ಪರ್ಮಿಷನ್ ಕೊಟ್ಟವಳು ನಾನು. (ಹೌದು, ಹಬ್ಬದ ದಿನ ಈರುಳ್ಳಿಯನ್ನೂ ಮುಟ್ಟದ ಮನೆಯವಳು!)

ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯ ಕೆಳಗಿನ ಪೋರ್ಷನ್‌ನಲ್ಲಿ ಬಾಡಿಗೆಗಿರುವವನು ಬೂದಿಕೋಟೆ ಕಡೆಯ ಮಂಜುನಾಥ. ಕಾಂಬೋಡಿಯಾದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು, ಅಲ್ಲಿನ ಬೋಫಾಳನ್ನು ಮದುವೆಯಾಗಿ ಕರೆತಂದ. ಬೋಫಾ ಅಂದರೆ ಹೂವಂತೆ. ಅತ್ತೆ ನಾರಾಯಣಮ್ಮ ಒಂದೇ ದಿನದಲ್ಲಿ ಅವಳನ್ನು ಪುಷ್ಪ ಮಾಡಿಬಿಟ್ಟರು.

ಬೋಫಾಗೆ ಈಗ ಐದು ತಿಂಗಳು. ಮುದ್ದೆ ಕಂಡರೆ ವಾಕರಿಕೆ. ಒಗ್ಗರಣೆ ವಾಸನೆ ಬಂದರೆ ಬಾತ್‌ರೂಮಿಗೆ ಓಟ. ತೂಕ ನೋಡಿದ ಡಾಕ್ಟರು, "ಹೀಗೇ ಆದರೆ ಅಡ್ಮಿಟ್ ಮಾಡಬೇಕಾಗುತ್ತೆ" ಅಂದರು.

ಅವತ್ತು ಸಂಜೆ ನಾರಾಯಣಮ್ಮ ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲಲ್ಲೇ ನಿಂತರು.

"ಅಕ್ಕಾ, ತಪ್ಪು ತಿಳ್ಕಾಬ್ಯಾಡಿ. ಪುಷ್ಪ ಅವ್ರೂರ್ ಶಾವಿಗೆ ಬೇಕು ಅಂತವ್ಳೆ. ಅದ್ಕೆ ಅಂದಿ ಬಾಡು ಆಕ್ಬೇಕಂತೆ. ನಮ್ಮನೇಲೂ ಯಾರೂ ಮುಟ್ಟಲ್ಲ. ಆದ್ರೆ ಒಟ್ಟೇಲಿರೋ ಕೂಸು ಏನ್ ತಪ್ಪು ಮಾಡೈತೆ?"

ಮನೆ ಕೊಡುವಾಗ ಮಾಂಸ ಬೇಯಿಸಬಾರದು ಅಂತ ಕಂಡೀಷನ್ ಹಾಕಿದವಳು ನಾನೇ. ನಾಚಿಕೆಯಾಯಿತು. ಟೆರೇಸಿನ ಮೇಲಾದರೆ ಪರವಾಗಿಲ್ಲ ಅಂದೆ. (ಅರ್ಧ ಉದಾರತೆ. ಒಪ್ಪಿಕೊಳ್ಳುತ್ತೇನೆ.)

ಭಾನುವಾರ ಮಂಜುನಾಥ ಮಾಂಸ ತಂದ. ಆದರೆ ಆ ಊರಿನ ಅಕ್ಕಿ ನೂಡಲ್ಸ್ ಇಲ್ಲೆಲ್ಲಿ ಸಿಗಬೇಕು? ಮೊಬೈಲಿನಲ್ಲಿ ಫೋಟೋ ನೋಡಿದ ನಾರಾಯಣಮ್ಮ, "ಅಯ್ಯೋ, ಇದು ನಮ್ ಒತ್ತು ಶಾವಿಗೆ ಕಣಕ್ಕಾ!" ಅಂದವರೇ ಅಕ್ಕಿ ಹಿಟ್ಟು ಬೇಯಿಸಿ ಒತ್ತಿಯೇಬಿಟ್ಟರು. ಮೀನಿನ ಸಾಸ್ ಬದಲು ಒಣಮೀನು ಕುದಿಸಿ ಸೋಸಿದ ನೀರು. ತಾಳೆ ಬೆಲ್ಲದ ಬದಲು ನಮ್ಮ ಬೆಲ್ಲ. ಹೆಸರುಕಾಳಿನ ಮೊಳಕೆ ನನ್ನ ಫ್ರಿಜ್ಜಿನದು.

ಬೋಫಾ ಸ್ಟೌ ಮುಂದೆ ನಿಂತಳು. ದೊಡ್ಡ ಉರಿ. ಬೆಳ್ಳುಳ್ಳಿ ಚಟಪಟ ಅಂದಿತು. ತೆಳ್ಳಗೆ ಹೆಚ್ಚಿದ ಮಾಂಸ ಹುರಿದು, ಸೋಯಾ ಸಾಸ್ ಸುರಿದು, ಶಾವಿಗೆ ಹಾಕಿ ಎರಡೂ ಕೈಯಲ್ಲಿ ಕೆದಕತೊಡಗಿದಳು. ಸುಸ್ತಾದೀತು ಅಂತ ಅತ್ತೆ ಸೌಟಿಗೆ ಕೈ ಹಾಕಿದರು.

"ಅತ್ತೆ, ನೀವು ಕೂತ್ಕೋ."

ಈ ಮನೆಗೆ ಬಂದ ಮೇಲೆ ಅವಳು ಯಾರಿಗಾದರೂ ಆರ್ಡರ್ ಮಾಡಿದ್ದು ಅದೇ ಮೊದಲಿರಬೇಕು. ನಾರಾಯಣಮ್ಮ ತೆಪ್ಪಗೆ ಕೂತರು.

ಮೇಲೊಂದು ಹುರಿದ ಮೊಟ್ಟೆ ಇಟ್ಟುಕೊಂಡು ಬೋಫಾ ಒಂದು ತುತ್ತು ತಿಂದಳು. ನಿಲ್ಲಿಸಿದಳು. ಮತ್ತೆ ವಾಕರಿಕೆಯೋ? ಮಂಜುನಾಥ ನೀರಿನ ಲೋಟ ಹಿಡಿದು ಎದ್ದೇ ನಿಂತ.

ಅವಳ ಕಣ್ಣು ತುಂಬಿತ್ತು. "ಅಮ್ಮನ ರುಚಿ ಅಲ್ಲ" ಅಂದಳು. ಮೂಗೊರೆಸಿಕೊಂಡು, "ಆದ್ರೆ ಚೆನ್ನಾಗೈತೆ" ಅಂದಳು. ತಟ್ಟೆ ಖಾಲಿ ಮಾಡಿ ಇನ್ನೊಂದು ಸಲ ಬಡಿಸಿಕೊಂಡಳು.

ನಾರಾಯಣಮ್ಮ ಸೊಸೆಯ ತಟ್ಟೆಯ ಅಂಚಿನಿಂದ ಒಂದೆಳೆ ಶಾವಿಗೆ ಎತ್ತಿ ಬಾಯಿಗಿಟ್ಟುಕೊಂಡರು. ನಾವೆಲ್ಲ ಅವರ ಮುಖವನ್ನೇ ನೋಡಿದೆವು.

"ಖಾರ ಸಾಲ್ದು ಕಣೇ. ಅಳ್ತೆ ಏಳ್ಕೊಡು, ಇನ್ಮೇಲೆ ನಾನೇ ಮಾಡ್ತೀನಿ."

ನಾನು? ತಿನ್ನಲಿಲ್ಲ. ಸುಳ್ಳು ಹೇಳುವುದಿಲ್ಲ. ಆದರೆ ಕೊನೆಯವರೆಗೂ ಅಲ್ಲೇ ಕೂತಿದ್ದೆ.

ನಿನ್ನೆ ಆಸ್ಪತ್ರೆಯಿಂದ ಬಂದ ನಾರಾಯಣಮ್ಮ ಗೇಟಿನಿಂದಲೇ ಕೂಗಿದರು: "ಅಕ್ಕಾ, ಅಡ್ಮಿಟ್ ಬ್ಯಾಡ ಅಂದ್ರು ಡಾಕ್ಟ್ರು!"

ಮನೆಗೆ ಬಂದ ಸೊಸೆಗೆ ನಮ್ಮ ಸಾರು, ನಮ್ಮ ಹುಳಿ ಕಲಿಸಲು ನಾವೆಲ್ಲ ಸದಾ ರೆಡಿ. ಸೊಸೆಯ ತವರಿನ ಅಡುಗೆಯನ್ನು ಅವಳಿಂದಲೇ ಕಲಿತ ಅತ್ತೆಯರು ನಿಮಗೆಷ್ಟು ಜನ ಗೊತ್ತು?