ಅಂಬಾದಾಸನ ಗೋಡೆ, ವ್ಯಾನ್ ಗೋನ ಬೆಳ್ಳಿಚುಕ್ಕಿ

ಮೂವತ್ತು ವರ್ಷ ಬೋರ್ಡಿನ ಮೇಲೆ ಬರೀ ಹೆಸರು ಬರೆದು ಬರೆದು ಪೇಂಟರ್ ಅಂಬಾದಾಸನ ತಲೆ ಚಿಟ್ಟು ಹಿಡಿದಿತ್ತು. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಯಾವ ಕಿರಾಣಿ ಅಂಗಡಿ, ಯಾವ ಟ್ರ್ಯಾಕ್ಟರು ನೋಡಿದರೂ ಅವನ ಅಕ್ಷರವೇ. ಅದನ್ನೂ ಫ್ಲೆಕ್ಸ್ ಬಂದು ನುಂಗಿತು. ಉಳಿದದ್ದು ನಂಬರ್ ಪ್ಲೇಟು, ಆಮೇಲೆ ‘ಈ ಜಾಗ ಮಾರಾಟಕ್ಕಿಲ್ಲ’ ಅನ್ನುವ ಕಾಂಪೌಂಡು. ಸಾಯುವುದರೊಳಗೆ ಒಂದೇ ಒಂದು ಗೋಡೆ, ಒಂದು ಅಕ್ಷರವೂ ಇಲ್ಲದ್ದು, ತನ್ನ ಕಣ್ಣಿಗೆ ಕಂಡ ಹಾಗೆ ಬರೆಯಬೇಕು ಎಂದು ಅವನಿಗಿತ್ತು. ಈ ಆಸೆಯಿಂದ ಯಾರ ಗಂಟು ಹೋಗುತ್ತಿತ್ತು ಹೇಳಿ?

ಹೋದ ವರ್ಷ ಆ ಗೋಡೆ ಸಿಕ್ಕಿತು. ಬಸವಕಲ್ಯಾಣದಲ್ಲಿ ಗುರುಶಾಂತ ಸಾವುಕಾರರು ಮದುವೆಗಳಿಗೆಂದು ಹೊಸ ಫಂಕ್ಷನ್ ಹಾಲ್ ಕಟ್ಟಿಸಿದ್ದರು. ವೇದಿಕೆಯ ಹಿಂದಿನ ಗೋಡೆಗೆ ಎಲ್ಲರ ಹಾಗೆ ನವಿಲು, ಕಮಲ ಬೇಡ ಎಂದು ಹಠ ಹಿಡಿದವಳು ಅವರ ಮಗಳು ಪೂನಂ. ತನ್ನ ಮೊಬೈಲು ತಿರುಗಿಸಿ, ಹಿಂದಿನ ಕವರಿನ ಮೇಲಿದ್ದ ಚಿತ್ರ ತೋರಿಸಿದಳು. ನೀಲಿ ಆಕಾಶ, ಸುಳಿ ಸುಳಿಯಾಗಿ ಸುತ್ತುವ ಗಾಳಿ, ಹಳದಿ ಚುಕ್ಕಿಗಳು, ಕೆಳಗೆ ಮಲಗಿದ ಊರು. ಎಲ್ಲಾ ಸರಿ, ಕ್ಯಾಮೆರಾಕ್ಕೆಂದು ಕೊರೆದ ತೂತು ಒಂದು ಮೂಲೆಯ ಆಕಾಶವನ್ನೇ ತಿಂದಿತ್ತು. ಆ ತೂತಿನ ಜಾಗದಲ್ಲಿ ಏನಿದೆ ಎಂದು ಅಂಬಾದಾಸ ಕೇಳಿದ. ಹುಡುಗಿ ನಕ್ಕು, ಪೂರ್ತಿ ಚಿತ್ರ ಹುಡುಕಿ ಅವನ ವಾಟ್ಸಾಪಿಗೆ ಕಳಿಸಿದಳು. ವ್ಯಾನ್ ಗೋ ಎಂಬುವವನು ಬರೆದದ್ದಂತೆ, ಆಸ್ಪತ್ರೆಯಲ್ಲಿದ್ದಾಗ ಕಿಟಕಿಯಿಂದ ಕಂಡ ಆಕಾಶವಂತೆ ಎಂದೂ ಓದಿ ಹೇಳಿದಳು.

ತನ್ನ ಊರು ರಾಜೇಶ್ವರಕ್ಕೆ ಮರಳುವ ಬಸ್ಸಿನಲ್ಲಿ ಅವನು ಆ ಚಿತ್ರದಿಂದ ಕಣ್ಣು ಕೀಳಲಿಲ್ಲ. ಬ್ರಷ್ಷಿನ ಗೆರೆ ಒಂಚೂರು ಕಂಡರೂ ಬೋರ್ಡು ವಾಪಸ್ ಕಳಿಸುವ ಗಿರಾಕಿಗಳ ನಡುವೆ ಬದುಕಿದವನು ಅಂಬಾದಾಸ. ಈ ಪುಣ್ಯಾತ್ಮ ನೋಡಿದರೆ ಒಂದು ಗೆರೆಯನ್ನೂ ಮುಚ್ಚಿಲ್ಲ, ಗೆರೆಯಿಂದಲೇ ಆಕಾಶವನ್ನು ಓಡಿಸಿದ್ದಾನೆ. ಇದನ್ನು ಇಷ್ಟು ದಿನ ಯಾರೂ ತನಗೆ ತೋರಿಸಲಿಲ್ಲವಲ್ಲ ಎಂದು ಅಂಬಾದಾಸನಿಗೆ ಸಿಟ್ಟೇ ಬಂತು.

ಮನೆಗೆ ಹೋದವನೇ ತಾಯಿ ಭೀಮಬಾಯಿಯ ಕೈಗೆ ಮೊಬೈಲು ಕೊಟ್ಟ. ಕುರಿಗಳ ಹಿಂದೆ ಹೊಲದಿಂದ ಹೊಲಕ್ಕೆ ತಿರುಗಿ, ಅರ್ಧ ಆಯುಷ್ಯ ಬಯಲಲ್ಲೇ ಮಲಗಿದ ಹೆಂಗಸು ಅವಳು. ಗಡಿಯಾರ ಕಂಡವಳಲ್ಲ, ಚುಕ್ಕಿ ನೋಡಿಯೇ ಏಳುತ್ತಿದ್ದವಳು. ಚಿತ್ರದಲ್ಲಿ ಎಡಕ್ಕೆ ಒಂದು ಕಪ್ಪು ಮರ. ಅದರ ಮಗ್ಗುಲಿಗೆ, ಕೆಳಗೆ, ದೊಡ್ಡದೊಂದು ಬಿಳಿ ಚುಕ್ಕಿ. ಮುದುಕಿ ಸೀದಾ ಅದರ ಮೇಲೆ ಬೆರಳಿಟ್ಟಳು.

“ಇದು ನಡುರಾತ್ರಿ ಅಲ್ಲೋ ಅಂಬ್ಯಾ. ಬೆಳ್ಳಿ ಮೂಡೇದ. ಕುರಿ ಎಬ್ಬಿಸೋ ಹೊತ್ತು.”

ಮರುದಿನ ಪೂನಂ ಮೊಬೈಲಿನಲ್ಲಿ ಹುಡುಕಿ, ನಿಮ್ಮ ತಾಯಿ ಹೇಳಿದ್ದು ಖರೇ ಅಂದಳು. ಬೆಳಗಿನ ಜಾವದ ಶುಕ್ರನೇ ಅದು ಅನ್ನುತ್ತಾರಂತೆ. ಅಂಬಾದಾಸನ ಕಾಲು ನೆಲಕ್ಕೆ ಹತ್ತಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅವ್ವ ಒಂದೇ ನೋಟಕ್ಕೆ ಹಿಡಿದ ಚುಕ್ಕಿ! ಗೋಡೆಯ ಮೇಲೆ ಮೊದಲು ಬರೆದದ್ದೂ ಅದನ್ನೇ.

ಆಮೇಲೆ ಶುರುವಾಯಿತು ಸಾವುಕಾರರ ಕಾಟ. ದಿನಾ ಮಧ್ಯಾಹ್ನ ಊಟ ಮುಗಿಸಿ, ಹಲ್ಲಿಗೆ ಕಡ್ಡಿ ಹಾಕಿಕೊಂಡು ಬಂದು ನಿಲ್ಲುತ್ತಿದ್ದರು. ಮದುವೆ ಮನೆಯಲ್ಲಿ ಇಂಥ ಕರಿ ಮರ ಯಾಕೆ, ಸುಡುಗಾಡಿನ ಹೊಗೆ ಕಂಡಂತೆ ಕಾಣುತ್ತದೆ ಅಂದರು. ಮರ ತೆಗೆದರೆ ಚಿತ್ರವೇ ಬೋಳಾಗುತ್ತದೆ ಎಂದು ಅಂಬಾದಾಸ ಅರ್ಧ ದಿನ ವಾದ ಮಾಡಿ ಗೆದ್ದ. ಮರುದಿನ ಚಂದ್ರ ಯಾಕೆ ಹೀಗೆ ಸವೆದಿದ್ದಾನೆ, ದುಂಡಗೆ ಹುಣ್ಣಿಮೆ ಮಾಡು ಅಂದರು. ಪೂನಂ ಅಪ್ಪನ ಮೇಲೆ ಹರಿಹಾಯ್ದು ಚಂದ್ರನನ್ನು ಉಳಿಸಿದಳು. ಹನ್ನೆರಡು ದಿನಕ್ಕೆ ಗೋಡೆ ಮುಗಿಯಿತು. ಅಂಬಾದಾಸ ಹಿಂದೆ ಸರಿದು ನಿಂತು, ತಾನೇ ಬರೆದದ್ದೆಂದು ನಂಬಲಾರದೆ ನೋಡಿದ.

ಆಗ ಸಾವುಕಾರರು ಮತ್ತೆ ಬಂದರು. ಪೂನಂ ಅವತ್ತು ಊರಲ್ಲಿರಲಿಲ್ಲ. ಗೋಡೆಯ ಎಡಕ್ಕೆ ಕೈ ಚಾಚಿದರು.

“ಅಂಬಾದಾಸ, ಇಲ್ಲಿ ಹುಡುಗ-ಹುಡುಗಿ ಹೆಸರಿನ ಅಕ್ಷರ ಅಂಟಿಸ್ತಾರ. ಈ ಬಿಳಿ ಚುಕ್ಕಿ ಅಡ್ಡ ಬರ್ತದ. ಇದೊಂದು ತೆಗಿ.”

ಮರಕ್ಕೆ ಅರ್ಧ ದಿನ ಜಗಳ ಆಡಿದ ಮನುಷ್ಯ ಈಗ ಸೀದಾ ಬ್ರಷ್ಷು ಎತ್ತಿಕೊಂಡ. ಮೂವತ್ತು ವರ್ಷದ ರೂಢಿ ನೋಡಿ, ಹೆಸರು ಅಂದಕೂಡಲೇ ಜಾಗ ಬಿಡುವುದು. ಬಾಯಿ ತೆರೆಯುವ ಮೊದಲೇ ಕೈ ಹೋಗಿ ನೀಲಿ ಡಬ್ಬಿಯಲ್ಲಿತ್ತು. “ಹೌದ್ರಿ” ಅಂದ. ಚುಕ್ಕಿಯ ಮೇಲೆ ಎರಡು ಕೋಟು ನೀಲಿ ಹೊಡೆದ.

ಹೊಡೆದ ಮೇಲೆ ಒಂದು ವಾರ ಹುಮನಾಬಾದಿನ ಚಹಾದಂಗಡಿಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡ. ಸಾವುಕಾರರಿಗೆ ಕಣ್ಣಿಲ್ಲ, ಈ ಊರುಗಳಿಗೆ ಚಿತ್ರ ಅಂದರೆ ಏನೆಂದು ತಿಳಿಯದು, ಇಲ್ಲಿ ಹುಟ್ಟಿದ್ದೇ ತನ್ನ ತಪ್ಪು. ಅವ್ವನಿಗೆ ಮಾತ್ರ ಚುಕ್ಕಿಯ ಸುದ್ದಿ ಹೇಳಲಿಲ್ಲ. ಅವಳೋ, ಗೋಡೆ ನೋಡಲೇಬೇಕೆಂದು ಗಂಟುಬಿದ್ದಳು.

ಮೊದಲ ಮದುವೆಯ ದಿನ ಕರೆದುಕೊಂಡು ಹೋದ. ವೇದಿಕೆಯ ಹಿಂದೆ ಥರ್ಮಾಕೋಲಿನ ಕೆಂಪು ಅಕ್ಷರದಲ್ಲಿ ಮದುಮಕ್ಕಳ ಹೆಸರು ಹೊಳೆಯುತ್ತಿತ್ತು. ಭೀಮಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಹಳ ಹೊತ್ತು ನೋಡಿದಳು. ಮರ ನೋಡಿದಳು, ಚಂದ್ರನನ್ನು ನೋಡಿದಳು, ಮತ್ತೆ ಮರದ ಮಗ್ಗುಲಿಗೆ ಕಣ್ಣು ತಂದಳು.

“ಯಾವ ಹೊತ್ತೋ ಇದು? ತಿಳೀವಲ್ದು.”

ಅಂಬಾದಾಸನ ಸಹನೆಯ ಕಟ್ಟೆ ಒಡೆಯಿತು. ಊಟದ ಸಾಲಿನ ಜನ ತಿರುಗಿ ನೋಡುತ್ತಿದ್ದರೂ ಸಾವುಕಾರರಿಗೆ ಬೈದ, ಅಕ್ಷರ ಅಂಟಿಸಿದವರಿಗೆ ಬೈದ, ಮದುಮಕ್ಕಳ ಹೆಸರು ಇಷ್ಟುದ್ದ ಇಟ್ಟವರನ್ನೂ ಬಿಡಲಿಲ್ಲ. ಮುದುಕಿ ಎಲ್ಲವನ್ನೂ ಕೇಳಿದಳು. ಕಡೆಗೆ ಅವನ ಬೆರಳುಗಳನ್ನು ಹಿಡಿದುಕೊಂಡಳು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಇನ್ನೂ ಹೋಗಿರಲಿಲ್ಲ.

“ಸಾವುಕಾರಗ ಯಾಕ ಬೈತಿ? ಅಂವ ಬಾಯಿಲೆ ಹೇಳ್ಯಾನ. ಅಳಿಸಿದ ಕೈ ನಿಂದು.”

ಅಂಬಾದಾಸನಿಗೆ ಇನ್ನು ಬೈಯುವುದಕ್ಕೆ ಯಾರೂ ಸಿಗಲಿಲ್ಲ.