ಭಟ್ರ ಗಲ್ಲಾದೊಳಗಿನ ಕನ್ನಡಕ

ಮನಶ್ಶಾಸ್ತ್ರ ಪಾಠ ಮಾಡುವವರು ಹೋಟೆಲಿನಲ್ಲಿ ಬಾಯಿ ಮುಚ್ಚಿಕೊಂಡು ಇಡ್ಲಿ ತಿನ್ನಬೇಕು. ಮುಂಬಯಿಯ ಅಂಧೇರಿಯಲ್ಲಿ ನಮ್ಮ ಕಾಲೇಜಿನ ಎದುರಿನ ಹೋಟೆಲಿನಲ್ಲಿ ನಾನು ಕೊಡೆ ಮರೆತಿದ್ದೆ. ಮರುದಿನ ಮಾಲೀಕ ಭಟ್ರು ಅದನ್ನು ಜೋಪಾನವಾಗಿ ತೆಗೆದುಕೊಟ್ಟರು.

"ಇದು ಮರೆವಲ್ಲ ಭಟ್ರೇ. ಮತ್ತೆ ಬರಬೇಕು ಅನಿಸಿದ ಜಾಗದಲ್ಲಿ ಸುಪ್ತ ಮನಸ್ಸು ಬೇಕೆಂದೇ ಏನಾದರೂ ಬಿಟ್ಟು ಹೋಗುತ್ತದಂತೆ. ಹಳೆಯ ಸಿದ್ಧಾಂತ," ಎಂದೆ. ಅವರ ಚಟ್ನಿಯನ್ನು ಹೊಗಳುವುದಷ್ಟೇ ನನ್ನ ಉದ್ದೇಶ.

ಭಟ್ರು ನಗಲಿಲ್ಲ. ಗಲ್ಲಾದ ಡ್ರಾಯರ್ ಎಳೆದು ಒಂದು ಪುಟ್ಟ ಪಾರ್ಸೆಲ್ ತೆಗೆದರು.

"ನನ್ನ ಹೆಂಡತಿಯ ಕನ್ನಡಕ. ಜಗಳ ಮಾಡಿ ಕುಂದಾಪುರಕ್ಕೆ ಹೋದವಳು ಇಲ್ಲೇ ಬಿಟ್ಟಿದ್ದಾಳೆ. ಇದಿಲ್ಲದೆ ಅವಳಿಗೆ ಪೇಪರ್ ಓದ್ಲಿಕ್ಕಾಗುವುದಿಲ್ಲ. ಇವತ್ತು ಊರಿನ ಬಸ್ಸಿಗೆ ಹಾಕುವ ಅಂತ ಕಟ್ಟಿಟ್ಟಿದ್ದೆ. ಈಗ ಕಳಿಸುವುದಾ, ಬೇಡವಾ ಮೇಡಂ?"

ನನ್ನ ಹಿಂದೆ ಬಿಲ್ ಕೊಡುವವರ ಸಾಲು ಬೆಳೆಯುತ್ತಿತ್ತು. "ಇಟ್ಟುಕೊಳ್ಳಿ," ಎಂದುಬಿಟ್ಟೆ. ಅವರು ಅಲ್ಲೇ ಪಾರ್ಸೆಲಿನ ದಾರ ಬಿಚ್ಚತೊಡಗಿದರು.

ಅದೇ ದಿನ ಕ್ಲಾಸಿನಲ್ಲಿ ಇದನ್ನೇ ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿನಿ, ಈ ಸಿದ್ಧಾಂತಕ್ಕೆ ಪುರಾವೆ ಏನು ಎಂದು ಕೇಳಿದಳು. ಗಟ್ಟಿಯಾದದ್ದು ಯಾವುದೂ ಇಲ್ಲ ಎಂದೆ.

ಈಗ ಕೆಲವು ವಾರಗಳಿಂದ, ಆ ಹೋಟೆಲಿಗೆ ಹೋಗುವುದೇ ನನಗೆ ಮರೆತುಹೋಗುತ್ತಿದೆ.