ಚೊಂಬಿನ ಮೇಲಿನ ನರಸಿಂಹಯ್ಯ

ಹಾಸನದ ನಮ್ಮ ಮನೆಯಲ್ಲಿ ಒಂದು ತಾಮ್ರದ ಚೊಂಬಿದೆ. ಅಮ್ಮ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಾಗಲೆಲ್ಲ ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಕೊರೆದ 'ನರಸಿಂಹಯ್ಯ' ಎಂಬ ಹೆಸರು ಆಗತಾನೇ ನಿದ್ದೆಯಿಂದ ಎದ್ದವರಂತೆ ಕಣ್ಣು ಬಿಡುತ್ತದೆ. ಅದು ನಮ್ಮಪ್ಪನ ತಾತನ ಹೆಸರು. ಬಂದವರಿಗೆಲ್ಲ ಆ ಚೊಂಬಿನಲ್ಲೇ ನೀರು ಕೊಡಿಸುತ್ತಿದ್ದ ಅಪ್ಪ ತಾವು ಮಾತ್ರ ಅದರಲ್ಲಿ ಕುಡಿದವರಲ್ಲ; ಅವರಿಗೆ ಸ್ಟೀಲ್ ಲೋಟವೇ ಆಗಬೇಕು. ಯಾಕೆಂದು ನಾನು ಕೇಳಿರಲೂ ಇಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ವಂಶವೃಕ್ಷ ಬರೆಯುವ ಹುಚ್ಚು ಹಿಡಿಯಿತು. ನೀವೂ ಎಂದಾದರೂ ಆ ಸಾಹಸಕ್ಕೆ ಕೈಹಾಕಿದ್ದರೆ ನನ್ನ ಪಾಡು ನಿಮಗೆ ಗೊತ್ತಾಗುತ್ತದೆ. ನಮ್ಮದು ಮೂಲತಃ ಚನ್ನರಾಯಪಟ್ಟಣದ ಮನೆತನ. ಮನೆದೇವರು ಹೊಳೆನರಸೀಪುರದ ನರಸಿಂಹಸ್ವಾಮಿ. ಹಿರಿಯ ಮೊಮ್ಮಗನಿಗೆ ತಾತನ ಹೆಸರಿಡುವುದು ಪದ್ಧತಿ. ಹೀಗಾಗಿ ಒಂದು ತಲೆಮಾರು ಬಿಟ್ಟು ಇನ್ನೊಂದರಲ್ಲಿ ನರಸಿಂಹಯ್ಯ ತಪ್ಪದೆ ಅವತರಿಸುತ್ತಿದ್ದರು. ಹಳೆಯ ಪಂಚಾಂಗಗಳ ಅಂಚಿನಲ್ಲಿ ಬರೆದಿಟ್ಟ ಹುಟ್ಟುಸಾವುಗಳನ್ನೆಲ್ಲ ಡ್ರಾಯಿಂಗ್ ಹಾಳೆಗೆ ಇಳಿಸಿ ನೋಡಿದರೆ, ಒಬ್ಬ ನರಸಿಂಹಯ್ಯನವರು ತೀರಿಕೊಂಡು ನಾಲ್ಕು ವರ್ಷದ ಮೇಲೆ ಮಗಳ ಮದುವೆಯಲ್ಲಿ ಧಾರೆ ಎರೆದಿದ್ದರು! ಮರ ಬರೆಯಲು ಹೋದವನು ಪೊದೆಯಲ್ಲಿ ಸಿಕ್ಕಿಕೊಂಡಿದ್ದೆ. ಊರೂರಿನ ಗಂಡಸರನ್ನು ಕೇಳಿದೆ. ಎಲ್ಲರಿಗೂ ಹೆಸರು ಗೊತ್ತು, ಯಾರಿಗೂ ಮನುಷ್ಯ ಗೊತ್ತಿಲ್ಲ.

ಒಂದು ಸಂಜೆ ಅಪ್ಪ ಹಾಳೆಯ ಮೇಲೆ ಬಗ್ಗಿದರು. ಅವರ ತಾತನ ಹೆಸರಿನ ಕೆಳಗೆ ನಾನು ಇಬ್ಬರು ಹೆಂಡಿರನ್ನು ಬರೆದಿದ್ದೆ, ಒಬ್ಬರು ಚನ್ನರಾಯಪಟ್ಟಣದಲ್ಲಿ, ಇನ್ನೊಬ್ಬರು ಅರಕಲಗೂಡಿನಲ್ಲಿ. "ಅಳಿಸಬೇಡ, ಅದು ನಿಜ," ಎಂದರು. ಹುಡುಗನಾಗಿದ್ದಾಗ ತಿಥಿಯೂಟದ ಪಂಕ್ತಿಯಲ್ಲಿ ಯಾರೋ ನೆಂಟರು ಅವರಿಗೆ ಹೇಳಿದ್ದರಂತೆ: ನರಸಿಂಹಯ್ಯ ಹೆಂಡತಿಯನ್ನು ಬಿಟ್ಟು ಅರಕಲಗೂಡಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ ಎಂದು. ಹಿರಿಯ ಮೊಮ್ಮಗನಾದರೂ ತಮಗೆ ಆ ಹೆಸರು ಬರದೆ ವೆಂಕಟೇಶನಾದದ್ದು ಆ ಅವಮಾನಕ್ಕೇ, ಹೆಸರು ಬೇಡವೆಂದು ತಾತನ ಹೆಂಡತಿಯಾದ ಅಜ್ಜಿಯೇ ಹಟ ಹಿಡಿದದ್ದು ಆ ನೋವಿಗೇ ಎಂದು ಅಪ್ಪ ಅರವತ್ತು ವರ್ಷ ನಂಬಿದ್ದರು. ತನ್ನ ತಾತ ಅಂಥವನಲ್ಲ ಎಂದು ಯಾರಾದರೂ ಹೇಳಲಿ ಎಂಬ ಆಸೆಯೂ ಅಷ್ಟೇ ವರ್ಷದ್ದು. ಕೇಳಲು ಭಯ. ಚೊಂಬಿನ ಗುಟ್ಟು ನನಗೆ ಆಗ ತಿಳಿಯಿತು.

ಆ ತಾತನನ್ನು ಕಣ್ಣಾರೆ ಕಂಡವರು ಉಳಿದಿದ್ದುದು ಒಬ್ಬರೇ, ಅವರ ಕಿರಿಯ ಸೊಸೆ, ಅಪ್ಪನ ಚಿಕ್ಕಮ್ಮ. ಹೊಳೆನರಸೀಪುರದಲ್ಲಿ ಮಗಳ ಮನೆಯಲ್ಲಿದ್ದರು. ಗಂಡನ ಹೆಸರನ್ನೂ ಮಾವನ ಹೆಸರನ್ನೂ ಬಾಯಲ್ಲಿ ಹೇಳಬಾರದೆಂದು ಬೆಳೆದ ಜೀವ. ಮಾವನ ಹೆಸರು ಊರಿನ ಹೆಸರಲ್ಲೇ ಸೇರಿಕೊಂಡಿದ್ದರಿಂದ ತಾವಿರುವ ಊರನ್ನೂ 'ಹೊಳೆ ಊರು' ಎಂದೇ ಅನ್ನುತ್ತಿದ್ದರು. ಬಸ್ಸಿನಲ್ಲಿ ಹೊಸ ಕಂಡಕ್ಟರು 'ಯಾವ ಹೊಳೆ ಅಜ್ಜಿ?' ಎಂದು ಕೇಳಿದರೆ ಪಕ್ಕದವರೇ ಟಿಕೆಟ್ ಹೇಳಬೇಕು. ಇವರಿಂದ ಏನು ಬಯಲಾದೀತು ಎಂದು ಅನುಮಾನಪಡುತ್ತಲೇ ಒಂದು ಭಾನುವಾರ ಬೆಳಿಗ್ಗೆ ಅಪ್ಪನನ್ನು ಹೊರಡಿಸಿದೆ.

ನಾನು ಹಾಳೆ ಹರಡಿ ಅರಕಲಗೂಡಿನ ವಿಷಯ ಕೇಳಿದೆ. ಚಿಕ್ಕಜ್ಜಿ ಅದನ್ನು ನೋಡಲೇ ಇಲ್ಲ. ಅವರು ಸೊಸೆಯಾಗಿ ಬಂದಾಗ ಚನ್ನರಾಯಪಟ್ಟಣದ ಮನೆ ಎರಡು ಪಾಲಾಗಿತ್ತಂತೆ. ಹಿಂದಿನ ತಲೆಮಾರಿನ ಅಣ್ಣ ತಮ್ಮ ಇಬ್ಬರೂ ತಮ್ಮ ತಮ್ಮ ಹಿರಿಮಗನಿಗೆ ಒಬ್ಬನೇ ತಾತನ ಹೆಸರಿಟ್ಟಿದ್ದರಿಂದ ಒಂದೇ ಸೂರಿನಡಿ ಒಂದೇ ಹೆಸರಿನ ಇಬ್ಬರು ದಾಯಾದಿಗಳು. ಹೆಸರು ಹೇಳಲಾಗದ ಹೆಂಗಸರು ಒಬ್ಬರನ್ನು 'ಬಾವಿ ಕಡೆಯವರು', ಇನ್ನೊಬ್ಬರನ್ನು 'ಬೀದಿ ಕಡೆಯವರು' ಎಂದು ಕರೆದು ಗೊಂದಲವಿಲ್ಲದೆ ಸಂಸಾರ ನಡೆಸಿದ್ದರು. "ಅರಕಲಗೂಡಿನೋರ್ನ ಕಟ್ಕೊಂಡೋರು ಬೀದಿ ಕಡೆಯೋರು ಕಣೋ. ನಮ್ಮ ಮಾವನೋರು ಬಾವಿ ಕಡೆಯೋರು. ಹಾಸನದ ದಾರೀಲಿ ಶಾಂತಿಗ್ರಾಮ ದಾಟಿದ್ರೆ ತಲೆನೋವು ಬರೋದು ಅವರಿಗೆ, ಇನ್ನು ಅರಕಲಗೂಡೆಲ್ಲಿ ಬಂತು!"

ಹೆಸರು ಹಿಡಿದು ಹುಡುಕಿದ ನಾನು ದಾರಿ ತಪ್ಪಿದ್ದೆ. ಹೆಸರೆತ್ತಬಾರದೆಂದು ಬಾಯಿ ಕಟ್ಟಿಸಿಕೊಂಡವರೇ ಮನುಷ್ಯರನ್ನು ಸರಿಯಾಗಿ ಗುರುತಿಟ್ಟುಕೊಂಡಿದ್ದರು. ಇವರನ್ನೇ ಮೊದಲು ಕೇಳಬೇಕೆಂದು ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅಪ್ಪ, ಹಾಗಾದರೆ ತನಗೇಕೆ ಆ ಹೆಸರಿಡಲಿಲ್ಲ ಎಂದು ಕೇಳಿದರು. ಅಪ್ಪ ಹುಟ್ಟುವ ಆರು ತಿಂಗಳ ಹಿಂದೆ ತಾತ ತೀರಿಕೊಂಡಿದ್ದರಂತೆ. ಪುರೋಹಿತರು ಅದೇ ಹೆಸರೆಂದು ನಿಶ್ಚಯಿಸಿಯೂ ಆಗಿತ್ತಂತೆ.

"ನಮ್ಮತ್ತೆ, ನಿನ್ನಜ್ಜಿ, ಒಪ್ಪಲಿಲ್ಲ. ಅವರ ಹೆಸರಿಟ್ಬಿಟ್ರೆ ಮಗೂನ ನಾನು ಏನಂತ ಕೂಗ್ಲಿ? ಮೊದಲ್ನೇ ಮೊಮ್ಮಗನ್ನ ಬಾಯ್ತುಂಬ ಹೆಸರು ಹಿಡಿದು ಕೂಗ್ಬೇಕು ನಾನು ಅಂತ ಕೂತ್ಬಿಟ್ರು. ಆಮೇಲೆ ದಿನಾ ಬೀದಿ ಬಾಗಿಲಲ್ಲಿ ನಿಂತು ವೆಂಕಟೇಶಾ ಅಂತ ಕೂಗೋರು. ಕೆಲಸ ಇಲ್ದಿದ್ರೂ ಕೂಗೋರು ಕಣೋ."

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ಒರೆಸಿದರು. ವಾಪಸು ಬರುವ ಬಸ್ಸಿನಲ್ಲಿ ನಾನು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಅರಕಲಗೂಡಿನ ಆ ಹೆಂಡತಿಯನ್ನು ಅಳಿಸಿ, ಬೀದಿ ಕಡೆಯವರ ಪಕ್ಕಕ್ಕೆ ಮರ್ಯಾದೆಯಿಂದ ಕೂರಿಸಿದೆ.

ಮನೆ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಅಮ್ಮ ವಾಡಿಕೆಯಂತೆ ಸ್ಟೀಲ್ ಲೋಟದಲ್ಲಿ ನೀರು ತಂದರು. ಅಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. "ನಮ್ಮ ತಾತನ ಚೊಂಬಲ್ಲಿ ಕೊಡು," ಎಂದರು. ತಲೆಯೆತ್ತಿ, ತುಟಿಗೆ ತಾಗಿಸದೆ, ಅರ್ಧ ನೀರನ್ನು ಅಂಗಿಯ ಮೇಲೆ ಚೆಲ್ಲಿಕೊಂಡು, ಚೊಂಬು ಬರಿದಾಗುವವರೆಗೆ ಕುಡಿದರು.